ಕಲ್ಲಿನ ರಾಶಿ ಎಂದು ಬರೆದಿದ್ದ ಮನೆ

ಕಂಪ್ಯೂಟರಿನಲ್ಲಿ ರಸ್ತೆ ಎಳೆಯುವುದು ನನ್ನ ಕೆಲಸ. ಸರ್ವೆಯವರು ಅಳೆದು ತಂದ ಚುಕ್ಕಿಗಳನ್ನು ಸಾಫ್ಟ್‌ವೇರಿಗೆ ಹಾಕಿದರೆ ತಿರುವುಗಳನ್ನು ಅದೇ ಕೂರಿಸಿಕೊಡುತ್ತದೆ. ಶಹಾಬಾದಿನಿಂದ ಭಂಕೂರದ ಕಡೆಗಿನ ರಸ್ತೆ ಅಗಲ ಮಾಡುವ ಕೆಲಸ ಬಂದಾಗಲೂ ಹಾಗೇ ಆಯಿತು. ಒಂದು ಜಾಗದಲ್ಲಿ ಎಡಕ್ಕೆ ನೀರು ನಿಂತ ಹಳೆಯ ಕಲ್ಲಿನ ಖಣಿ. ಬಲಕ್ಕೆ ನಕ್ಷೆಯಲ್ಲೊಂದು ಚೌಕ, ಅದರ ಮೇಲೆ ‘ಕಲ್ಲಿನ ರಾಶಿ’ ಎಂದು ಬರೆದಿತ್ತು. ಸಾಫ್ಟ್‌ವೇರು ಆ ರಾಶಿಯ ಮೇಲೆಯೇ ಉದ್ದನೆಯ, ಸೊಗಸಾದ ತಿರುವು ಎಳೆಯಿತು. ನಾನು ಹ್ಞೂಂ ಅಂದುಬಿಟ್ಟೆ.

ಆ ತಿರುವಿಗೆ ಬಡಿದ ಗುರುತಿನ ಗೂಟಗಳನ್ನು ನೋಡಲು ಹೋದರೆ ಆ ರಾಶಿಗೆ ಬಾಗಿಲಿತ್ತು! ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಜೋಳ ಹಸನು ಮಾಡುತ್ತ ಕೂತಿದ್ದಳು.

“ಬರ್ರಿ ಮೇಡಂ, ಕುಂದ್ರಿ. ನಮ್ಮ ಅಡಗಿಮನಿ ಗ್ವಾಡಿ ಬುಡಕ್ಕ ಈ ಗೂಟ ಯಾಕ ಬಡದಾರ್ರಿ?”

ನಾನು ಬಗ್ಗಿ ಗೂಟದ ಮೇಲಿನ ನಂಬರು ಓದಿದೆ, ನಾನೇ ಎಳೆದ ತಿರುವಿನದು. ಆಕೆಯೇ ಮುಂದುವರಿಸಿದಳು. “ನಮ್ಮ ಮಾವ ಖಣ್ಯಾಗ ದುಡದು, ಒಂದೊಂದೇ ಕಲ್ಲು ಹೊತ್ತು ತಂದು ಕಟ್ಟ್ಯಾರ್ರಿ ಈ ಮನಿ. ಭಾಳ ಗಟ್ಟಿ ಅದ.”

ನಮ್ಮ ಕಡೆ ಫರಸಿ ಕಲ್ಲಿನ ಚಪ್ಪಡಿ ಪೇರಿಸಿದರೆ ಗೋಡೆ, ಮೇಲೆ ಹಾಸಿದರೆ ಮಾಳಿಗೆ. ಗಾರೆ ಇಲ್ಲ, ಸುಣ್ಣವೂ ಇಲ್ಲ. ಎಲ್ಲಿಂದಲೋ ಬಂದ ಸರ್ವೆಯವನು ದೂರದಿಂದಲೇ ನೋಡಿ ರಾಶಿ ಅಂತ ಗೀಚಿದ್ದ. ಸಿಟ್ಟು ನೆತ್ತಿಗೇರಿತು. ಅವನಿಗಾದರೂ ಗೊತ್ತಿರಲಿಲ್ಲ, ಇಂಥದೇ ಮನೆಯಲ್ಲಿ ಹುಟ್ಟಿ ಬೆಳೆದ ನನಗೇನು ಧಾಡಿಯಾಗಿತ್ತು? ನಾಲ್ಕೂ ಮೂಲೆ ನೆಟ್ಟಗಿರುವ ರಾಶಿಯನ್ನು ನಾನು ಯಾವ ಊರಲ್ಲಿ ಕಂಡಿದ್ದೆ? ಮನೆ ಎಂದಿದ್ದರೆ ನೋಟಿಸು, ಪರಿಹಾರ ಅಂತ ಏನಾದರೂ ಇರುತ್ತದೆ. ರಾಶಿಗೆ ಅದೇನೂ ಇಲ್ಲ, ಜೆಸಿಬಿ ತಂದು ತಳ್ಳಿದರೆ ಮುಗಿಯಿತು.

ಆಫೀಸಿಗೆ ಬಂದು ಸಾಹೇಬರಿಗೆ ಹೇಳಿದೆ.

“ಸರ್ವೆ ತಪ್ಪು ಅದ ಅಂತ ಒಪ್ಪಿದ್ರ ಪೂರಾ ಮತ್ತ ಅಳೀಬೇಕಾಗ್ತದ ಮೇಡಂ,” ಅಂದರು.

“ಅದು ರಾಶಿ ಅಲ್ರಿ ಸರ್, ಮನಿ.”

“ನಕ್ಷಾದಾಗ ರಾಶಿ ಅದ.”

ಮನುಷ್ಯರು ಉಣ್ಣುವ, ಮಲಗುವ ಜಾಗಕ್ಕಿಂತ ನಕ್ಷೆಯ ಎರಡು ಶಬ್ದ ದೊಡ್ಡವಾದವು. ಅವರಿಗೆ ಎದುರಾಡದೆ ಬಂದು ಕೂತು, ತಿರುವಿನ ಮೂಲೆಯನ್ನು ಮೌಸಿನಿಂದ ಹಿಡಿದು ಕೈಯಾರೆ ಎಳೆಯತೊಡಗಿದೆ. ಖಣಿಯತ್ತ ಸರಿಸಿದರೆ ರಸ್ತೆ ನೀರಿಗೆ ಬೀಳುತ್ತಿತ್ತು, ಇತ್ತ ತಂದರೆ ಒಲೆಯ ಮೇಲೆ ಬರುತ್ತಿತ್ತು. ತಿರುವನ್ನು ಬಿಗಿ ಮಾಡಿದಂತೆಲ್ಲ ಈ ವೇಗಕ್ಕೆ ಇದು ನಡೆಯದು ಎಂದು ಪರದೆ ಕೆಂಪಗಾಗುತ್ತಿತ್ತು. ನಡೆಯದಿದ್ದರೆ ವೇಗವನ್ನೇ ಇಳಿಸಿದೆ. ಗಾಡಿ ನಿಧಾನ ಹೋದರೆ ಯಾರ ಗಂಟು ಹೋಗುತ್ತದೆ? ಮಧ್ಯಾಹ್ನದ ಊಟ ಬಿಟ್ಟು ಕೂತಮೇಲೆ, ಖಣಿಗೂ ಗೋಡೆಗೂ ನಡುವೆ ರಸ್ತೆ ಹೇಗೋ ನುಸುಳಿತು.

ಸಾಹೇಬರು ಅದನ್ನು ಮೇಲಿನ ಕಚೇರಿಗೆ ಕಳಿಸಿದರು, ಆದರೆ ಕಾರಣದ ಜಾಗದಲ್ಲಿ ‘ಕಲ್ಲಿನ ರಾಶಿ ಉಳಿಸಲು’ ಎಂದೇ ಬರೆದರು. ಅದು ತಿರುಗಿ ಬರದೆ ಇನ್ನೇನಾಗುತ್ತದೆ? ಒಂದು ರಾಶಿಗಾಗಿ ರಸ್ತೆ ಬಗ್ಗಿಸುವುದೇಕೆ, ಮೊದಲಿನ ತಿರುವೇ ಇರಲಿ ಎಂದು ಅಲ್ಲಿಂದ ಟಿಪ್ಪಣಿ ಬಂತು.

ಆವತ್ತು ನನ್ನ ತಾಳ್ಮೆ ಹರಿಯಿತು. ಹೊಸ ತಿರುವಿನ ನಕ್ಷೆಯಲ್ಲಿ ‘ಕಲ್ಲಿನ ರಾಶಿ’ ಅಳಿಸಿ ‘ವಾಸದ ಮನೆ’ ಎಂದು ಹಾಕಿದೆ. ಮತ್ತೆ ಹೋಗಿ ಆಕೆ ಬಾಗಿಲಲ್ಲಿ ಕೂತ ಫೋಟೋ ತೆಗೆದು ತಂದು, ಅಂಟಿಸಿ ಸಾಹೇಬರ ಮುಂದಿಟ್ಟೆ.

“ಇದು ತಪ್ಪಿದ್ರ ‘ಮನೆ’ ಅನ್ನೂದನ್ನ ನಿಮ್ಮ ಕೈಯಿಂದಲೇ ಗೀಟು ಹೊಡದು ಹಾಕ್ರಿ ಸರ್. ಯಾರು ಹೊಡದಾರ ಅಂತ ಆಕೀಗಿ ನಾ ಹೋಗಿ ಹೇಳ್ತೀನಿ.”

ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಸಹಿ ಹಾಕಿದರು. ಆಮೇಲೆ ಎಂಟು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ನಾನೂ ಮಾತಾಡಿಸಲಿಲ್ಲ.

ಮೇಲಿನ ಕಚೇರಿಯವರು ಈ ಸಲ ಒಪ್ಪಿದರು, ರಸ್ತೆ ಆಯಿತು. ಮೊನ್ನೆ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಆ ತಿರುವಿನಲ್ಲಿ ಡ್ರೈವರ್ ಬ್ರೇಕ್ ಒತ್ತಿದ, ನಿಂತಿದ್ದ ಕಂಡಕ್ಟರ್ ನನ್ನ ಸೀಟಿನ ಕಂಬಿಗೆ ಬಡಿದುಕೊಂಡ.

“ಯಾವ ಮಗ ಕುಡದು ಎಳದಾನೋ ಈ ರೋಡು!”

ಕಿಟಕಿಯಾಚೆ ಫರಸಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಲು ಹಾಕಿದ್ದರು.

“ನಾನೇ ಎಳದೀನ್ರಿ,” ಅಂದೆ. “ಕುಡದಿದ್ದಿಲ್ಲ. ಸಿಟ್ಟು ಬಂದಿತ್ತು.”