ಚಿಂಟುವಿಗೆ ಮುಂದಿನ ಸೀಟು

ಇಚಿಲಂಪಾಡಿಯಿಂದ ಕಡಬಕ್ಕೆ ಹೊರಟ ಜೀಪಿನಲ್ಲಿ ಅಷ್ಟೂ ಜನರ ಕಾಲುಗಳು ಒಮ್ಮೆಲೇ ಸೀಟಿನ ಮೇಲೇರಿದವು. ಯಾರದೋ ಕೊಕ್ಕೊ ಬೀಜದ ಗೋಣಿಯಿಂದ ಇಲಿಯೊಂದು ಹೊರಗೆ ಹಾರಿತ್ತು.

ನನ್ನ ಮಡಿಲಲ್ಲಿ ತಂಗಿಯ ಯಾರ್ಕ್‌ಶೈರ್ ಟೆರಿಯರ್ ನಾಯಿ ಚಿಂಟು ಇದ್ದ. ಇಂಜೆಕ್ಷನ್ ಕೊಡಿಸಲು ಕರೆದೊಯ್ಯುತ್ತಿದ್ದೆ. ಎರಡೂವರೆ ಕಿಲೋ ತೂಕ, ನೆತ್ತಿಯಲ್ಲಿ ಕೆಂಪು ರಿಬ್ಬನ್. ಹತ್ತುವಾಗಲೇ ಡ್ರೈವರ್ ಕೇಳಿದ್ದ, "ಇದೆಂತ ಮಾರಾಯ್ರೆ, ನಾಯಿಯಾ, ನೆಲ ಒರೆಸುವ ಬಟ್ಟೆಯಾ?" ಎಲ್ಲರೂ ನಕ್ಕಾಗ ನಾಚಿಕೆಯಿಂದ ಚಿಂಟುವನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ.

ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಇಲಿ ಹಿಡಿಯಲೆಂದೇ ನೇಕಾರರು ಸಾಕಿ ಬೆಳೆಸಿದ ಜಾತಿ ಇದು ಎಂದು ತಂಗಿ ಹೇಳಿದ್ದಳು. ನಾನು ನಂಬಿರಲಿಲ್ಲ. ಈಗ ಚಿಂಟು ಸೆರಗಿನಿಂದ ಬಿಡಿಸಿಕೊಂಡು ನೆಗೆದ. ಗೋಣಿಗಳ ಸಂದಿಗೆ ನುಗ್ಗಿದ, ಗುರ್ರೆಂದ, ಒಮ್ಮೆ ತಲೆ ಒದರಿದ, ಅಷ್ಟೆ. ರಿಬ್ಬನ್ ಒಂದು ಕಣ್ಣಿಗೆ ಜಾರಿತ್ತು, ಬಾಯಲ್ಲಿ ಇಲಿ ಇತ್ತು. ಅದನ್ನು ಮುಂದಕ್ಕೆ ಒಯ್ದು ಬಲು ಮರ್ಯಾದೆಯಿಂದ ಡ್ರೈವರನ ಮಡಿಲಿಗೇ ಹಾಕಿದ. ಆತ ಜೀಪು ನಿಲ್ಲಿಸಿ, ಕಿರುಚುತ್ತಾ ರಸ್ತೆಗೆ ಹಾರಿದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸಂಜೆ ಹಿಂದಿರುಗುವಾಗ ಅದೇ ಡ್ರೈವರ್ ಮುಂದಿನ ಸೀಟು ಒರೆಸಿ ಕಾಯುತ್ತಿದ್ದ. ನಾನು ಕೂರಲು ಹೋದರೆ ತಡೆದ. "ಅವರು ಇಲ್ಲಿ ಕೂತುಕೊಳ್ಳಲಿ. ನೀವು ಹಿಂದೆ ಹೋಗಿ ಅಕ್ಕಾ, ಗೋಣಿ ಹತ್ರ ಜಾಗ ಉಂಟು."