ಹಾರ್ನ್ ಹೊಡೆದವರು ಯಾರು?

ಕೊಪ್ಪ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿಯಾಗಿದ್ದೆ. ಇದು ನಡೆದದ್ದು ಕೊರೊನಾ ಮುಗಿದು ಶಾಲೆಗಳು ಮತ್ತೆ ಹಳಿಗೆ ಬಂದ ಮೇಲೆ, ನನ್ನ ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದಾಗ. ಸೇವೆಯುದ್ದಕ್ಕೂ ಕಬಡ್ಡಿ, ಖೊಖೊ, ಥ್ರೋಬಾಲ್ ಎಂದು ಸೀಟಿ ಊದಿದವಳು ನಾನು. ಆದರೂ ಶಿಷ್ಯರ ಮಾತು ಬಂದರೆ ಕಪ್ ಗೆದ್ದವರು ಮೊದಲು ನೆನಪಾಗುವುದಿಲ್ಲ. ಓಟದಲ್ಲಿ ಯಾವಾಗಲೂ ಕೊನೆಗೆ ಬರುತ್ತಿದ್ದ, ನಮ್ಮ ಪಕ್ಕದ ನಾರ್ವೆ ಎಂಬ ಹಳ್ಳಿಯ ಸುಮಿತ್ರ ನೆನಪಾಗುತ್ತಾಳೆ.

ಸುಮಿತ್ರ ನರ್ಸಿಂಗ್ ಓದಿ ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿದ್ದಳು. ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳ ವಾರ್ಡಿನಲ್ಲಿ ಕೆಲಸ. ಅವಳಿದ್ದ ಓಣಿಯಿಂದ ಬೆಳಗಿನ ಪಾಳಿಯ ಹೊತ್ತಿಗೆ ಬಸ್ಸಿರಲಿಲ್ಲ. ಜೊತೆಯ ನರ್ಸುಗಳನ್ನು ನೋಡಿ ಅವಳೂ ಸೈಕಲ್ ಕೊಂಡಳು, ವಾರ ತುಂಬುವುದರೊಳಗೆ ನಡುರಸ್ತೆಯಲ್ಲಿ ಬಿದ್ದಳು. ಮಣಿಕಟ್ಟು ಮುರಿಯಿತು. ಹಿಂದಿನ ಕಾರಿನವರು ಸಮಯಕ್ಕೆ ಬ್ರೇಕ್ ಹಾಕಿದ್ದರಿಂದ ಜೀವ ಉಳಿಯಿತು. ಊರಿಗೆ ಬಂದವಳು ಪ್ಲಾಸ್ಟರ್ ಬಿಚ್ಚಿಸಿದ ಮೇಲೂ ವಾಪಸ್ ಹೊರಡಲಿಲ್ಲ. ಆ ತಿಂಗಳ ಕೊನೆಗೆ ರಜೆ ಮುಗಿಯುತ್ತಿತ್ತು. ಹೋಗದಿದ್ದರೆ ಅವಳ ಜಾಗಕ್ಕೆ ಬೇರೆಯವರು ಬರುತ್ತಿದ್ದರು.

ಅವಳ ಅಮ್ಮ ವನಜಾ ತೋಟದ ಕೆಲಸಕ್ಕೆ ಹೋಗುವವಳು. ಒಂದು ಸಂಜೆ ಕೆಲಸ ಮುಗಿಸಿ ನೇರ ಶಾಲೆಗೇ ಬಂದಳು.

“ಟೀಚರೇ, ನೀವೇ ಒಂದ್ಸಲ ಹೇಳಿ ನೋಡಿ. ಹೋಗ್ತೀನಿ ಅನ್ನಲ್ಲ, ಇಲ್ಲೇ ಇರ್ತೀನಿ ಅಂತ್ಲೂ ಅನ್ನಲ್ಲ. ಅಂಗೈಯಷ್ಟು ಇರ್ತಾವಂತೆ ಆ ಮಕ್ಳು. ದಿನಾ ಅವುಗಳ ಸುದ್ದಿನೇ ಹೇಳ್ಕೊಂಡು ಅಳ್ತಾಳೆ.”

ಮರುದಿನದಿಂದಲೇ ಸುಮಿತ್ರಳನ್ನು ಶಾಲೆಯ ಮೈದಾನಕ್ಕೆ ಕರೆಸಿದೆ. ನಮ್ಮ ಕಡೆ ಸೈಕಲ್ ಸವಾರಿ ಎಂದರೆ ಏರು ಬಂದರೆ ತಳ್ಳುವುದು, ಇಳಿಜಾರು ಬಂದರೆ ದೇವರ ಮೇಲೆ ಭಾರ ಹಾಕುವುದು. ಹಾಗಾಗಿ ಬುಡದಿಂದಲೇ ಶುರು ಮಾಡಿದೆ. ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಸರಿಯಾಗಿ ಕೂರಬೇಕು. ಎರಡೂ ಬ್ರೇಕನ್ನು ಒಟ್ಟಿಗೆ, ಮೆಲ್ಲಗೆ ಒತ್ತಬೇಕು. ನಿಂತ ಕಾರಿನಿಂದ ಒಂದು ಬಾಗಿಲು ತೆರೆಯುವಷ್ಟು ದೂರ ಇರಬೇಕು. ಬಸ್ಸಿನ ಎಡಗಡೆಯ ಸಂದಿಗೆ ಸತ್ತರೂ ನುಗ್ಗಬಾರದು. ಹುಡುಗಿ ಎಲ್ಲವನ್ನೂ ಒಂದೇ ಸಲಕ್ಕೆ ಕಲಿತಳು. ಇಷ್ಟು ಚೆನ್ನಾಗಿ ಸೈಕಲ್ ಹೊಡೆಯುವವಳು ಬಿದ್ದದ್ದಾದರೂ ಹೇಗೆ ಎಂದು ನನಗೇ ಆಶ್ಚರ್ಯ.

ಗುಟ್ಟು ಬಯಲಾದದ್ದು ಹತ್ತಿರದ ಜಯಪುರದ ರಸ್ತೆಯಲ್ಲಿ. ಅವಳು ಮುಂದೆ, ನಾನು ಹಿಂದೆ ಸೈಕಲ್ ಹೊಡೆಯುತ್ತಾ ಹೋಗುತ್ತಿದ್ದೆವು. ದೂರದಲ್ಲಿ ಪೋಂ ಎಂದು ಹಾರ್ನ್ ಕೇಳಿತು. ಸುಮಿತ್ರ ಮೈಯನ್ನೆಲ್ಲ ಹಿಂದಕ್ಕೆ ತಿರುಗಿಸಿ, ಬಾಯ್ತುಂಬ ನಗುತ್ತಾ ನೋಡಿದಳು. ಹ್ಯಾಂಡಲ್ಲೂ ಅವಳ ಜೊತೆಗೇ ತಿರುಗಿ ಸೈಕಲ್ ರಸ್ತೆಯ ನಟ್ಟನಡುವೆ ಬಂತು. ಅಯ್ಯೋ ದೇವರೇ! ನಾನು ಉಸಿರು ಕಟ್ಟಿ ಸೀಟಿ ಊದಿದೆ. ಬಂದದ್ದು ಆಟೋ ಓಡಿಸುವ ಶೇಖರ, ಅವನೂ ನನ್ನ ಹಳೇ ಶಿಷ್ಯನೇ. “ಎಂತ ಟೀಚರೇ, ಸವಾರಿ ಜೋರು!” ಎಂದು ನಗುತ್ತಾ ಮುಂದೆ ಹೋದ.

ಸುಮಿತ್ರ ರಸ್ತೆ ಬದಿಗೆ ಇಳಿದು ನಿಂತಳು. ಮುಖ ಬಿಳಚಿಕೊಂಡಿತ್ತು.

“ಅವತ್ತೂ ಹೀಗೇ ಆಗಿದ್ದು ಟೀಚರ್. ಹಿಂದಿಂದ ಹಾರ್ನ್ ಹೊಡೆದ್ರು. ಯಾರಪ್ಪಾ ಅಂತ ನೋಡ್ದೆ.”

“ಬೆಂಗಳೂರಲ್ಲಿ ನಿನ್ನ ಗುರ್ತ ಯಾರಿಗಿದೆ ಮಾರಾಯ್ತಿ?”

“ಯಾರಿಗೂ ಇಲ್ಲ. ಅದಕ್ಕೇ ಖುಷಿ ಆಯ್ತು, ಯಾರೋ ಕರೆದ್ರಲ್ಲ ಅಂತ.”

ನನಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ನಮ್ಮಲ್ಲಿ ಹಾರ್ನ್ ಎಂದರೆ ‘ಆರಾಮಾ?’ ಎಂದು ಕೇಳಿದ ಹಾಗೆ, ‘ಹತ್ತುತ್ತೀಯಾ?’ ಎಂದು ಕರೆದ ಹಾಗೆ. ತಿರುಗಿ ನೋಡದಿದ್ದರೆ ಸೊಕ್ಕು ಎನ್ನುತ್ತಾರೆ. ಪಟ್ಟಣದಲ್ಲಿ ಅದಕ್ಕೆ ‘ನಾನು ಹಿಂದಿದ್ದೇನೆ’ ಎಂಬುದಷ್ಟೇ ಅರ್ಥ, ಎಷ್ಟೋ ಸಲ ಅಷ್ಟೂ ಇಲ್ಲ.

ಇನ್ನು ಮೇಲೆ ಹಿಂದೆ ನೋಡಲೇಬೇಡ ಎಂದು ಹೇಳುವುದು ಸುಲಭವಿತ್ತು. ಆದರೆ ಅದು ಇನ್ನೂ ಅಪಾಯ. ದೊಡ್ಡ ರಸ್ತೆಯಲ್ಲಿ ಬಲಕ್ಕೆ ಸರಿಯುವ ಮೊದಲು ಹಿಂದೆ ನೋಡಲೇಬೇಕು. ಬರುವವರಿಗೆ ನಮ್ಮ ಮುಖ ಕಂಡರೆ ಅವರೂ ಸ್ವಲ್ಪ ನಿಧಾನಿಸುತ್ತಾರೆ. ಅದಕ್ಕೇ ಮೈದಾನದಲ್ಲಿ ಸುಣ್ಣದ ಗೆರೆ ಎಳೆದೆ. ಅವಳು ಗೆರೆಯ ಮೇಲೆ ಸೈಕಲ್ ಹೊಡೆಯಬೇಕು, ನಾನು ಹಿಂದಿನಿಂದ ಕೂಗಿದಾಗ ಬಲಭುಜದ ಮೇಲಿಂದ ಕತ್ತು ಮಾತ್ರ ತಿರುಗಿಸಿ ನಾನು ಎಷ್ಟು ಬೆರಳು ಎತ್ತಿದ್ದೇನೆಂದು ಹೇಳಬೇಕು. ಮೊದಲ ದಿನ ಬೆರಳು ಕಂಡರೆ ಗೆರೆ ತಪ್ಪಿತು, ಗೆರೆ ಹಿಡಿದರೆ ಬೆರಳು ಕಾಣಲಿಲ್ಲ. ಬಿಡಲಿಲ್ಲ ನಾನು. ಎರಡೂ ಕೂಡಿ ಬಂದ ದಿನ ಅವಳಿಗಿಂತ ಜೋರಾಗಿ ಕುಣಿದವಳು ನಾನೇ.

ಕೊನೆಯ ಪರೀಕ್ಷೆಗೆ ಶೇಖರನ ಆಟೋವನ್ನೇ ಅವಳ ಬೆನ್ನಿಗೆ ಬಿಟ್ಟು, ಜಯಪುರದ ಪೇಟೆಯಲ್ಲಿ ಬಿಡದೆ ಹಾರ್ನ್ ಹೊಡಿ ಎಂದೆ. “ಸುಮ್ಸುಮ್ನೆ ಹೊಡೆಯೋಕೆ ನಾಚಿಕೆ ಆಗ್ತದೆ ಟೀಚರೇ” ಎಂದ. “ಹೊಡಿ ಮಾರಾಯ, ಬೆಂಗಳೂರು ಅಂತ ತಿಳ್ಕೋ” ಎಂದು ಗದರಿಸಿದೆ. ಅಂಗಡಿಗಳಿಂದ ಜನರೆಲ್ಲ ಕರೆದವರು ಯಾರು ಎಂದು ನೋಡಲು ಹೊರಬಂದರು. ಸುಮಿತ್ರ ಕತ್ತು ತಿರುಗಿಸಿ ನೋಡಿದಳು, ನಕ್ಕಳು ಕೂಡ, ಸೈಕಲ್ ಅಲುಗಲಿಲ್ಲ.

ರಜೆ ಮುಗಿಯುವ ಮುನ್ನ ಅವಳ ಜೊತೆ ನಾನೂ ಬೆಂಗಳೂರಿಗೆ ಹೋದೆ. ಭಾನುವಾರ ಇಬ್ಬರೂ ದಾರಿಯನ್ನು ಪೂರ್ತಿ ನಡೆದು ನೋಡಿದೆವು. ಸೋಮವಾರ ಬೆಳಿಗ್ಗೆ ಅವಳು ತನ್ನ ಸೈಕಲ್ಲಿನಲ್ಲಿ ಮುಂದೆ, ಅವಳ ಗೆಳತಿಯ ಸೈಕಲ್ಲಿನಲ್ಲಿ ನಾನು ಹಿಂದೆ ಹೊರಟೆವು. ಅರ್ಧ ದಾರಿಯಲ್ಲಿ ಒಂದು ವ್ಯಾನ್ ಅಡ್ಡ ನಿಂತಿತ್ತು, ಹಿಂದಿನಿಂದ ಬಸ್ಸಿನ ಹಾರ್ನ್. ಸುಮಿತ್ರ ಕತ್ತು ತಿರುಗಿಸಿ ಡ್ರೈವರನ ಮುಖ ನೋಡಿದಳು, ಬಲಗೈ ಚಾಚಿದಳು. ಬಸ್ಸು ನಿಧಾನಿಸಿತು. ಅವಳು ವ್ಯಾನನ್ನು ದಾಟಿ ಮುಂದೆ ಹೋದಳು.

ನಾನು? ಹಾರ್ನ್ ಕೇಳಿದ್ದೇ ತಡ, ನಗುಮುಖ ಮಾಡಿಕೊಂಡು ಮೈಯೆಲ್ಲ ತಿರುಗಿಸಿ, ಓಲಾಡಿ ಫುಟ್‌ಪಾತಿಗೆ ಕಾಲು ಕೊಟ್ಟು ನಿಂತಿದ್ದೆ.

ಆಸ್ಪತ್ರೆಯ ಗೇಟಿನಲ್ಲಿ ಅವಳು ನನಗಾಗಿ ಕಾಯುತ್ತಿದ್ದಳು. “ಒಳಗೆ ಹೋಗು, ಮಕ್ಕಳು ಕಾಯ್ತಾ ಇರ್ತಾವೆ” ಎಂದೆ. ಅವಳು ನನ್ನ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿದಳು.

“ಟೀಚರ್, ನೀವು ತಳ್ಕೊಂಡೇ ಹೋಗಿ. ಯಾರು ಹಾರ್ನ್ ಹೊಡೆದ್ರೂ ತಿರುಗ್ಬೇಡಿ. ಈ ಊರಲ್ಲಿ ನಿಮ್ಮ ಗುರ್ತ ಇರೋದು ನನಗೊಬ್ಬಳಿಗೇ.”

ನಾನು ತಳ್ಳಿಕೊಂಡೇ ಹೋದೆ, ದಾರಿಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತಾ. ಬಿದ್ದ ಮಗುವಿಗೆ ಧೈರ್ಯ ಹೇಳುವ ಮೊದಲು, ಹೇಗೆ ಬಿದ್ದೆ ಎಂದು ಕೇಳಬೇಕೆಂದು ನನಗೆ ಈ ನೌಕರಿ ಕಲಿಸಿತು. ಸುಮಿತ್ರ ಬಿದ್ದದ್ದು ಅಕ್ಕರೆಯಿಂದ. ಆ ಅಕ್ಕರೆಯನ್ನು ಬಿಡಿಸದೆ ಅವಳಿಗೆ ಸೈಕಲ್ ಕಲಿಸಿದೆ ಎಂಬುದೇ ನನ್ನ ಸಮಾಧಾನ.