ಹೊಳಪು ಕಂಡು ನಕ್ಕ ಫರ್ಗಲಿ

ಕೈರೋದ ಮೊಹಮ್ಮದ್ ಅಲಿ ಬೀದಿಯಲ್ಲಿ ಮದುವೆ ಬ್ಯಾಂಡಿನವರ ವಾದ್ಯಗಳನ್ನು ರಿಪೇರಿ ಮಾಡುತ್ತಲೇ ವಗ್ದಿಯ ತಲೆ ನರೆತಿದೆ. ಎಲ್ಲರೂ ಅವನನ್ನು ಉಸ್ತಾ, ಅಂದರೆ ಮೇಸ್ತ್ರಿ, ಎಂದೇ ಕರೆಯುತ್ತಾರೆ. ಕಳೆದ ಚಳಿಗಾಲವಿಡೀ ಅವನು ತಂದೆಯ ಕಾಲದ ಒಂದು ಫ್ರೆಂಚ್ ಸ್ಯಾಕ್ಸೊಫೋನಿನ ಮೇಲೆ ಕೆಲಸ ಮಾಡಿದ. ತಗ್ಗುಗಳನ್ನು ಸರಿಪಡಿಸಿ, ರಂಧ್ರಗಳ ಮುಚ್ಚಳಗಳಿಗೆ ಹೊಸ ಚರ್ಮ ಕೂರಿಸಿ, ಕೊನೆಗೆ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿದ.

ತಪ್ಪಿದ್ದು ಅಲ್ಲೇ. ಹಳೆಯ ವಾದ್ಯ ಮಂಕಾಗಿರಬೇಕು ಎಂಬುದು ಆ ಬೀದಿಯ ನಂಬಿಕೆ. ಕೊಳ್ಳಲು ಬಂದವರು ಅದನ್ನು ಊದಿ ಕೂಡ ನೋಡದೆ ಹಿಂದಿರುಗಿದರು.

"ಏನ್ ಉಸ್ತಾ, ಚೀನಾ ಮಾಲಿಗೆ ಅಜ್ಜನ ಹೆಸರು ಇಟ್ಟಿದೀಯಾ?" ಎಂದು ಫರ್ಗಲಿ ನಕ್ಕ. ಮದುವೆಗಳಲ್ಲಿ ಅವನಷ್ಟು ಚೆನ್ನಾಗಿ ಸ್ಯಾಕ್ಸೊಫೋನ್ ನುಡಿಸುವವರಿಲ್ಲ. ಅವನು ಬೇಡವೆಂದರೆ ಬೀದಿಯಲ್ಲಿ ಅದನ್ನು ಬೇರಾರೂ ಮುಟ್ಟುವುದಿಲ್ಲ.

ಮರುದಿನ ಫರ್ಗಲಿ ಎದುರಿನ ಕಾಫಿ ಅಂಗಡಿಯಲ್ಲಿ ಕುಳಿತಿದ್ದಾಗ, ವಗ್ದಿ ತನ್ನ ಅಂಗಡಿಯ ಪರದೆ ಎಳೆದು, ಒಳಗೆ ತನ್ನ ಭಾವನಿಗೆ ಅದೇ ವಾದ್ಯವನ್ನು ನುಡಿಸಲು ಹೇಳಿದ. ಮದುಮಗಳ ಮೆರವಣಿಗೆಯ ಧಾಟಿ ಬೀದಿಗೆ ಕೇಳಿಸಿತು. ಫರ್ಗಲಿ ಚಹಾದ ಲೋಟ ಕೆಳಗಿಟ್ಟು ರಸ್ತೆ ದಾಟಿ ಬಂದ.

"ಯಾರದಪ್ಪಾ ಇದು? ಇಂಥ ದನಿ ಕೇಳಿ ಎಷ್ಟು ಕಾಲ ಆಯ್ತು. ನಂಗೇ ಕೊಡಿಸು, ಮಾರಾಯ."

ವಗ್ದಿ ಪರದೆ ಸರಿಸಿದ. "ನೀನು ನಿನ್ನೆ ನಕ್ಕಿದ್ದು ಇದನ್ನೇ ನೋಡಿ."

ಫರ್ಗಲಿ ವಾದ್ಯವನ್ನು ಕೈಗೆ ತೆಗೆದುಕೊಂಡು, ತಾನೇ ಊದಿ ನೋಡಿ, ವಗ್ದಿ ಹೇಳಿದ ಬೆಲೆಗೆ ಒಪ್ಪಿದ.

"ಆದ್ರೆ ಒಂದು ಮಾತು. ನಾನು ಮತ್ತೆ ರಿಪೇರಿಗೆ ತಂದಾಗ ಆ ಉಜ್ಜೋ ಬಟ್ಟೆ ಇದರ ಹತ್ರ ತರಬೇಡ."

ವಗ್ದಿ ಬಟ್ಟೆಯನ್ನು ಮಡಚಿ ಡ್ರಾಯರಿಗೆ ಹಾಕಿ, ಇಬ್ಬರಿಗೂ ಚಹಾ ತರಿಸಿದ.